ಅಡ್ಮಿರಲ್ ಹಿಪ್ಪರ್

ಜರ್ಮನಿಯ ದಕ್ಷಿಣದಲ್ಲಿರುವ ಬವೇರಿಯಾ ಕಡಲಿಗೆ ದೂರವಾದ ನಾಡು. ಅಲ್ಲಿನ ವೈಲ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ 1863ರ ಸೆಪ್ಟೆಂಬರ್ 13ರಂದು ಫ್ರಾಂಜ್ ಹಿಪ್ಪರ್ ಜನಿಸಿದನು. ಅವನ ತಂದೆ ಒಬ್ಬ ಅಂಗಡಿಕಾರ. ಮೂರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನು 1881ರಲ್ಲಿ ನೌಕಾಪಡೆಯನ್ನು ಸೇರಿದನು. ಟಾರ್ಪಿಡೊ ದೋಣಿಗಳಲ್ಲಿ ದುಡಿದು, ಅನುಭವವನ್ನೇ ಗುರುವಾಗಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದನು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಬ್ಯಾಟಲ್ ಕ್ರೂಸರ್ ಪಡೆಗೆ ಹಿಪ್ಪರನೇ ನಾಯಕ. ಭಾರಿ ಫಿರಂಗಿಗಳನ್ನು ಹೊತ್ತು ಅತಿವೇಗದಿಂದ ಸಾಗುವ ಯುದ್ಧನೌಕೆಗಳಿಗೆ ಈ ಹೆಸರು. ಬ್ರಿಟಿಷರು ತಮ್ಮ ನೌಕೆಗಳಲ್ಲಿ ಫಿರಂಗಿಯ ಗಾತ್ರಕ್ಕೆ ಪ್ರಾಶಸ್ತ್ಯವಿತ್ತರೆ, ಜರ್ಮನರು ಉಕ್ಕಿನ ಕವಚದ ದಪ್ಪಕ್ಕೆ ಹೆಚ್ಚು ಗಮನ ಕೊಟ್ಟಿದ್ದರು.

ಅದೇ ವರ್ಷದ ಡಿಸೆಂಬರ್ 16ರಂದು ಹಿಪ್ಪರನ ನೌಕೆಗಳು ಇಂಗ್ಲೆಂಡಿನ ಕರಾವಳಿಯ ಪಟ್ಟಣಗಳ ಮೇಲೆ ಗುಂಡಿನ ಮಳೆಗರೆದವು. ನೂರಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಈ ಕಳಂಕ ಅವನ ಹೆಸರಿಗೆ ಅಂಟಿಕೊಂಡಿತು.

1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಎಂಬಲ್ಲಿ ಅವನಿಗೆ ಕಠಿನ ಪರೀಕ್ಷೆ ಒದಗಿತು. ಬ್ಲೂಷರ್ ನೌಕೆ ಮುಳುಗಿತು. ಹಿಪ್ಪರನಿದ್ದ ಸೈಡ್ಲಿಟ್ಸ್ ನೌಕೆಯ ಫಿರಂಗಿ ಗೋಪುರಕ್ಕೆ ಗುಂಡು ತಗುಲಿ, ಸಿಡಿಮದ್ದು ಹೊತ್ತಿಕೊಂಡು ನೂರೈವತ್ತಕ್ಕೂ ಹೆಚ್ಚು ನಾವಿಕರು ದಹಿಸಿಹೋದರು. ಹೈಡ್‌ಕಾಂಪ್ ಎಂಬ ನಾವಿಕನು ಕೆಂಪಗೆ ಕಾದ ಕವಾಟವನ್ನು ಬರಿಗೈಯಿಂದ ತಿರುಗಿಸಿ, ಮದ್ದಿನ ಕೋಣೆಗೆ ನೀರು ನುಗ್ಗಿಸಿದನು. ನೌಕೆ ಉಳಿಯಿತು. ಈ ಅನಾಹುತದಿಂದ ಪಾಠ ಕಲಿತ ಜರ್ಮನರು ಮದ್ದನ್ನು ಸಾಗಿಸುವ ಕ್ರಮವನ್ನು ಬಿಗಿಗೊಳಿಸಿದರು.

1916ರ ಮೇ 31ರಂದು ಜಟ್‌ಲೆಂಡ್ ಕದನ ನಡೆಯಿತು. ಹಿಪ್ಪರನ ಐದು ಬ್ಯಾಟಲ್ ಕ್ರೂಸರುಗಳು ಬ್ರಿಟಿಷರ ಆರನ್ನು ಎದುರಿಸಿದವು. ಒಂದು ಗಂಟೆಯೊಳಗೆ ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ ಎಂಬ ಎರಡು ಬ್ರಿಟಿಷ್ ನೌಕೆಗಳು ಸಿಡಿದು ಮುಳುಗಿದವು. ಹಿಪ್ಪರನ ನೌಕೆಯಾದ ಲುಟ್ಸೋ ಕೂಡ ಜರ್ಜರಿತವಾಯಿತು. ಅವನು ಟಾರ್ಪಿಡೊ ದೋಣಿಗೆ ಇಳಿದು, ಕದನದ ನಡುವೆಯೇ ಬೇರೊಂದು ನೌಕೆಯನ್ನು ಅರಸಬೇಕಾಯಿತು. ಈ ಸಾಹಸಕ್ಕಾಗಿ ಬವೇರಿಯಾದ ದೊರೆ ಅವನಿಗೆ ಗೌರವ ಪದವಿಯನ್ನು ನೀಡಿದನು.

1918ರ ಆಗಸ್ಟಿನಲ್ಲಿ ಹಿಪ್ಪರನು ಇಡೀ ನೌಕಾಬಲದ ದಂಡನಾಯಕನಾದನು. ಆ ವೇಳೆಗೆ ಜರ್ಮನಿ ಹಸಿವಿನಿಂದ ಬಳಲಿತ್ತು. ಅಕ್ಟೋಬರಿನಲ್ಲಿ ಸರ್ಕಾರವು ಶಾಂತಿಯನ್ನು ಬೇಡುತ್ತಿದ್ದಾಗಲೇ, ಅದಕ್ಕೆ ತಿಳಿಸದೆ, ನೌಕಾಪಡೆಯ ಮುಖಂಡರು ಕೊನೆಯ ಯುದ್ಧವೊಂದಕ್ಕೆ ಸನ್ನದ್ಧರಾದರು. ಮಾನಕ್ಕಾಗಿ ಮಡಿಯುವುದು ಅಧಿಕಾರಿಗಳಿಗೆ ಹಿರಿದೆನಿಸಿತು. ಮನೆಗೆ ಮರಳುವ ದಿನವನ್ನು ಎಣಿಸುತ್ತಿದ್ದ ನಾವಿಕರಿಗೆ ಅದು ವ್ಯರ್ಥಬಲಿಯಾಗಿ ಕಂಡಿತು. ಅವರು ಅಪ್ಪಣೆಯನ್ನು ಧಿಕ್ಕರಿಸಿದರು. ಹಿಪ್ಪರನು ಹಿಂದೆ ನಡೆಸಿದ್ದ ಬ್ಯಾಟಲ್ ಕ್ರೂಸರುಗಳಲ್ಲಿಯೂ ಹಲವರು ದಡಕ್ಕಿಳಿದು ಹಿಂದಿರುಗಲಿಲ್ಲ. ನೌಕೆಗಳು ಹೊರಡಲೇ ಇಲ್ಲ. ಅಲ್ಲಿ ಹೊತ್ತಿದ ಕಿಡಿ ದೇಶವನ್ನೆಲ್ಲ ವ್ಯಾಪಿಸಿ, ನವೆಂಬರ್ 9ರಂದು ಚಕ್ರವರ್ತಿಯ ಪದತ್ಯಾಗದಲ್ಲಿ ಕೊನೆಗೊಂಡಿತು.

ಹಿಪ್ಪರನ ನೌಕೆಗಳು ಶತ್ರುಗಳ ವಶವಾದವು. 1919ರ ಜೂನ್ 21ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಬಂದರಿನಲ್ಲಿ ಜರ್ಮನ್ ನಾವಿಕರೇ ಅವುಗಳನ್ನು ಮುಳುಗಿಸಿದರು. ನಿವೃತ್ತನಾದ ಹಿಪ್ಪರನು ಮರೆಯಲ್ಲಿ ಬಾಳಿ 1932ರ ಮೇ 25ರಂದು ತೀರಿಕೊಂಡನು.

ಬೆಂದ ನೌಕೆಯಿಂದ ಪಾಠ ಕಲಿತ ಪಡೆಯ ನಾಯಕನು ತನ್ನ ನಾವಿಕರ ಬೆಂದ ಮನಸ್ಸನ್ನು ಸಕಾಲದಲ್ಲಿ ಅರಿಯಲಿಲ್ಲ. ಹಡಗನ್ನು ಕಾಯುವುದು ಉಕ್ಕಿನ ಕವಚವಾದರೆ, ಪಡೆಯನ್ನು ಕಾಯುವುದು ನಾಯಕನಲ್ಲಿ ಜನರಿಗಿರುವ ನಂಬಿಕೆ.