ನಾಲ್ವಡಿಯವರ ಅಶ್ವದಳ

ಹೂಟಗಳ್ಳಿಯನ್ನು ದಾಟಿ ಕನ್ನಂಬಾಡಿಯ ದಾರಿ ಹಿಡಿದವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಯಾರೂ ನೆನಪಿಸಬೇಕಾದುದಿಲ್ಲ. ಅಣೆಕಟ್ಟೆ, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತುಗಳಲ್ಲಿ ಅವರ ಕೀರ್ತಿ ನೆಲೆನಿಂತಿದೆ. ಆದರೆ ಅದೇ ವರ್ಷಗಳಲ್ಲಿ ಅವರು ಕಡಲಾಚೆಗೆ ಕಳುಹಿದ ಕುದುರೆ ಸವಾರರನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

1884ರ ಜೂನ್ 4ರಂದು ಜನಿಸಿದ ಕೃಷ್ಣರಾಜರಿಗೆ, ತಂದೆ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಹತ್ತೇ ವರ್ಷ. ತಾಯಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದು, 1902ರಲ್ಲಿ ಅಧಿಕಾರವು ಮಗನ ಕೈಸೇರಿತು. ತಂದೆಯಿಂದ ಬಂದ ಬಳುವಳಿಗಳಲ್ಲಿ 1892ರಲ್ಲಿ ಕಟ್ಟಿದ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಸವಾರರ ದಳವೂ ಒಂದು. ಸಂಸ್ಥಾನವು ತನ್ನ ವೆಚ್ಚದಲ್ಲಿ ಸಾಕಿ, ಸಾಮ್ರಾಜ್ಯಕ್ಕೆ ಸಂಕಟ ಒದಗಿದಾಗ ಒಪ್ಪಿಸತಕ್ಕ ಸೇನೆ ಅದು.

ಆ ಸಂಕಟ 1914ರಲ್ಲಿ ಒದಗಿತು. ಐವತ್ತು ವರ್ಷ ಪರರ ಆಡಳಿತದಲ್ಲಿದ್ದು 1881ರಲ್ಲಷ್ಟೇ ಮರಳಿ ದೊರೆತ ರಾಜ್ಯ ಮೈಸೂರು. ಅಂಥ ರಾಜ್ಯದ ಅರಸನಿಗೆ ಹಿಂಜರಿಯುವ ಸ್ವಾತಂತ್ರ್ಯವೆಷ್ಟು? ಮೂವತ್ತರ ಹರೆಯದ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನಿತ್ತು, ಅಶ್ವದಳವನ್ನು ಒಪ್ಪಿಸಿದರು. ಬಿ. ಚಾಮರಾಜ ಅರಸರ ನಾಯಕತ್ವದಲ್ಲಿ ದಳವು ಈಜಿಪ್ಟನ್ನು ಸೇರಿ, ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು.

ಅತ್ತ ಸವಾರರು ಮರಳುಗಾಡಿನಲ್ಲಿ ಬೇಯುತ್ತಿರುವಾಗ ಇತ್ತ ಕಾವೇರಿಗೆ ಕಟ್ಟೆ ಏಳುತ್ತಿತ್ತು. 1915ರಲ್ಲಿ ಪರಿಷತ್ತೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಕಟ್ಟಿದ ಕೈಯೂ ಕಳುಹಿದ ಕೈಯೂ ಒಂದೇ.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮುಂದೆ ಬಂದೂಕು ಫಿರಂಗಿಗಳಿಗೆ ಭರ್ಜಿಗಳು ಎದುರಾದವು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿ, ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡರು. ಜೋಧಪುರದ ದಳ ಊರೊಳಕ್ಕೆ ನುಗ್ಗಿತು. ಸಂಜೆಯ ಹೊತ್ತಿಗೆ 1,350 ಮಂದಿ ಸೆರೆಸಿಕ್ಕಿದ್ದರು. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನದಲ್ಲಿ ಇನ್ನೊಂದು ಘೋರ ಕಾಳಗ ನಡೆಯಿತು. ಕೆಲವೇ ದಿನಗಳಲ್ಲಿ ತುರ್ಕರೊಡನೆ ಕದನವಿರಾಮವಾಯಿತು. ಅಷ್ಟರಲ್ಲಿ ಬಿದ್ದವರಿಗೆ ಆ ವಿರಾಮ ತಡವಾಗಿ ಬಂದಿತ್ತು. ಉಳಿದವರು ಬೆಂಗಳೂರಿಗೆ ಮರಳಿದ್ದು 1920ರಲ್ಲಿ.

ಒಡೆಯರು 1940ರ ಆಗಸ್ಟ್ 3ರಂದು ಕಾಲವಶರಾದರು. ದಳವು 1953ರಲ್ಲಿ ಭಾರತ ಸೇನೆಯ ಹೊಸ ಅಶ್ವದಳದೊಳಗೆ ಸೇರಿಹೋಯಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನಲ್ಲೂ ಅವರ ಸ್ಮಾರಕವಿದೆ. ಆ ಸವಾರರಿಗೆ ಯುದ್ಧವನ್ನು ಆರಿಸಿಕೊಳ್ಳುವ ಅಧಿಕಾರವಿರಲಿಲ್ಲ. ಅರಸನಿಗೂ ಅದು ಪೂರ್ಣವಾಗಿರಲಿಲ್ಲ. ಕಟ್ಟೆಯ ನೀರನ್ನುಂಡ ನಾವು ನಾಲ್ವಡಿಯವರನ್ನು ನೆನೆಯುವಾಗ, ಅವರ ಆಜ್ಞೆಗೆ ತಲೆಬಾಗಿ ಹೋದವರನ್ನೂ ನೆನೆಯುವುದು ನ್ಯಾಯ.