ಮೇಜು ತಿರುಗಿಸಿದ್ದು ಯಾರು? (ಮೈಕೆಲ್ ಫ್ಯಾರಡೆ ಅವರ ಜೀವನ)

ಗೆಳೆಯರೇ, ಹೋದ ತಿಂಗಳು ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಕೆಲವರು ಒಂದು ಆಟ ಆಡಿದರು. ಹಾಳೆಯ ಮೇಲೆ ಅಕ್ಷರ ಬರೆದು, ನಡುವೆ ಒಂದು ರೂಪಾಯಿ ನಾಣ್ಯ ಇಟ್ಟು, ಅದರ ಮೇಲೆ ಮೂವರು ಬೆರಳಿಟ್ಟು ಸತ್ತವರನ್ನು ಕರೆಯುವ ಆಟ. ನಾಣ್ಯ ನಿಜವಾಗಲೂ ಸರಿಯಿತು. ನಾನು ತಳ್ಳಲಿಲ್ಲ, ನಾನು ತಳ್ಳಲಿಲ್ಲ ಅಂತ ಮೂವರೂ ಆಣೆ ಮಾಡಿದರು. ಅವರಲ್ಲಿ ಒಬ್ಬಳು ಹೆದರಿಕೊಂಡು ಎರಡು ದಿನ ಶಾಲೆಗೇ ಬರಲಿಲ್ಲ. ಅವಳು ಸುಳ್ಳು ಹೇಳುವ ಹುಡುಗಿ ಅಲ್ಲ. ಹಾಗಾದರೆ ನಾಣ್ಯ ಸರಿಸಿದ್ದು ಯಾರು? ಇಂಥದ್ದೇ ಪ್ರಶ್ನೆಗೆ 1853ರಲ್ಲೇ ಉತ್ತರ ಕಂಡುಹಿಡಿದ ಒಬ್ಬ ದೊಡ್ಡ ವಿಜ್ಞಾನಿ ಇದ್ದರು. ಅವರೇ ಮೈಕೆಲ್ ಫ್ಯಾರಡೆ. ಈ ಸಲದ ಗೋಡೆ ಪತ್ರಿಕೆಗೆ ಅವರ ಜೀವನವನ್ನು ಬರೆದಿದ್ದೇನೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಲಂಡನ್ ಬಳಿಯ ನ್ಯೂವಿಂಗ್ಟನ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರರು. ಅವರಿಗೆ ಆರೋಗ್ಯ ಸರಿ ಇರಲಿಲ್ಲ, ದುಡಿಮೆ ಸಾಲುತ್ತಿರಲಿಲ್ಲ. ಮನೆಯಲ್ಲಿ ಬಹಳ ಬಡತನ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕ ಮೈಕೆಲ್‌ಗೆ ಒಂದು ಬ್ರೆಡ್ಡು ಕೊಟ್ಟು ಒಂದು ವಾರ ಅದರಲ್ಲೇ ಕಳೆಯಬೇಕು ಅನ್ನುವ ಸ್ಥಿತಿ ಬಂತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವರು ಶಾಲೆಯಲ್ಲಿ ಕಲಿತದ್ದು.

13ನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬುವರ ಪುಸ್ತಕದ ಅಂಗಡಿಗೆ ಕೆಲಸಕ್ಕೆ ಸೇರಿದರು. ಮೊದಲು ಮನೆಮನೆಗೆ ಪತ್ರಿಕೆ ಹಂಚುವ ಕೆಲಸ. ಮಾರನೇ ವರ್ಷದಿಂದ ಏಳು ವರ್ಷ ಪುಸ್ತಕಕ್ಕೆ ರಟ್ಟು ಹಾಕುವುದನ್ನು ಕಲಿತರು. ಬೇರೆ ಹುಡುಗರು ಪುಸ್ತಕಕ್ಕೆ ಬರೀ ರಟ್ಟು ಹಾಕುತ್ತಿದ್ದರೆ ಇವರು ಒಳಗೆ ಏನಿದೆ ಅಂತ ಓದುತ್ತಿದ್ದರು. ಒಂದು ವಿಶ್ವಕೋಶ ಬೈಂಡಿಂಗಿಗೆ ಬಂದಾಗ ಅದರಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಓದಿ, ಕೈಗೆ ಸಿಕ್ಕ ಸಾಮಾನಿನಿಂದಲೇ ಪ್ರಯೋಗ ಮಾಡಿ ನೋಡಿದರು. ಪುಸ್ತಕದಲ್ಲಿ ಬರೆದಿದೆ ಅಂದ ಮಾತ್ರಕ್ಕೆ ನಂಬುವುದು ಅವರ ಜಾಯಮಾನ ಆಗಿರಲಿಲ್ಲ.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಹಂಫ್ರಿ ಡೇವಿ ಎಂಬ ಪ್ರಸಿದ್ಧ ವಿಜ್ಞಾನಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿ, ಎಲ್ಲವನ್ನೂ ಅಂದವಾಗಿ ಬರೆದು, ಚಿತ್ರ ಬಿಡಿಸಿ, ತಾವೇ ರಟ್ಟು ಹಾಕಿ ಡೇವಿ ಅವರಿಗೆ ಕಳಿಸಿಕೊಟ್ಟರು. ಕೆಲಸ ಕೊಡಿ ಅಂತ ಕೇಳಿಕೊಂಡರು. 1813ರ ಮಾರ್ಚ್ 1ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 25 ಶಿಲ್ಲಿಂಗ್, ಇರಲು ಮೇಲಂತಸ್ತಿನಲ್ಲಿ ಎರಡು ಕೋಣೆ. ಸೀಸೆ ತೊಳೆಯುವುದರಿಂದ ಶುರುವಾದ ಆ ಕೆಲಸವೇ ಅವರನ್ನು ಜಗತ್ಪ್ರಸಿದ್ಧ ಮಾಡಿತು. 1821ರಲ್ಲಿ ಸಾರಾ ಬರ್ನಾರ್ಡ್ ಎಂಬುವರನ್ನು ಮದುವೆಯಾದರು. ಅವರಿಗೆ ಮಕ್ಕಳಿರಲಿಲ್ಲ.

1831ರಲ್ಲಿ ಫ್ಯಾರಡೆ ಮಾಡಿದ ಪ್ರಯೋಗ ನಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಸರಕ್ಕನೆ ತೂರಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಅಯಸ್ಕಾಂತ ಸುಮ್ಮನೆ ನಿಂತರೆ ಇಲ್ಲ, ಚಲಿಸಿದರೆ ಮಾತ್ರ. ಸೈಕಲ್ ಡೈನಮೋ ಬೆಳಕು ಕೊಡೋದು ಇದರಿಂದಲೇ. 1902ರಲ್ಲಿ ನಮ್ಮ ಶಿವನಸಮುದ್ರದ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದೂ ಇದೇ ತತ್ವದಿಂದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭೂಮಿಯ ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ಏನೋ ಸಂಬಂಧ ಇರಲೇಬೇಕು ಅಂತ ಫ್ಯಾರಡೆ ಅವರಿಗೆ ಬಲವಾದ ನಂಬಿಕೆ ಇತ್ತು. ಉಪನ್ಯಾಸದ ಹಾಲಿನಲ್ಲಿ ಎತ್ತರದಿಂದ ವಸ್ತುಗಳನ್ನು ಬೀಳಿಸಿ, ತಂತಿಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದಾ ಅಂತ ನೋಡಿದರು. ಎಷ್ಟು ಸಲ ಮಾಡಿದರೂ ಏನೂ ಸಿಗಲಿಲ್ಲ. ಅವರು ಆ ಸೋಲನ್ನು ಮುಚ್ಚಿಡಲಿಲ್ಲ. 1850ರಲ್ಲಿ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ, ನನಗೆ ಪುರಾವೆ ಸಿಗಲಿಲ್ಲ ಅಂತ ಒಪ್ಪಿಕೊಂಡರು. ತಾವೇ ಆಸೆಪಟ್ಟ ವಿಷಯವನ್ನೂ ಅವರು ಪ್ರಯೋಗದ ಕಣ್ಣಿನಿಂದಲೇ ನೋಡಿದರು. ಇದನ್ನು ನೆನಪಿಟ್ಟುಕೊಳ್ಳಿ.

ಅದೇ ಕಾಲಕ್ಕೆ ಅಮೆರಿಕದಿಂದ ಯೂರೋಪಿಗೆ ಒಂದು ಹುಚ್ಚು ಹಬ್ಬಿತು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಅಂಗೈಗಳನ್ನು ಮೇಜಿನ ಮೇಲೆ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೇಜು ಗಿರ್ರನೆ ತಿರುಗುತ್ತಿತ್ತು, ಓಲಾಡುತ್ತಿತ್ತು, ಒಂದು ಕಾಲು ಎತ್ತುತ್ತಿತ್ತು. ನೆಲ ಬಿಟ್ಟು ಮೇಲಕ್ಕೇ ಎದ್ದಿತು ಅನ್ನುವವರೂ ಇದ್ದರು. ಇದು ಪ್ರೇತಗಳ ಕೆಲಸ ಅಂತ ಕೆಲವರು, ಸೈತಾನನ ಕೆಲಸ ಅಂತ ಕೆಲವರು. ಇನ್ನು ಕೆಲವರು ಇದು ವಿದ್ಯುತ್ತು, ಅಯಸ್ಕಾಂತ ಶಕ್ತಿ, ಅಥವಾ ವಿಜ್ಞಾನಕ್ಕೆ ತಿಳಿಯದ ಹೊಸ ಬಲ ಅಂತ ವಾದಿಸಿದರು. ವಿದ್ಯುತ್ ಅಂದರೆ ಫ್ಯಾರಡೆ ಅಲ್ವಾ? ಹಾಗಾಗಿ ಎಲ್ಲರೂ ಅವರನ್ನೇ ಕೇಳತೊಡಗಿದರು.

ಫ್ಯಾರಡೆ ನಗೆಯಾಡಿ ಬಿಟ್ಟುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಮೇಜು ತಿರುಗಿಸುವುದರಲ್ಲಿ ಪಳಗಿದ, ಮೋಸ ಮಾಡದ ಮರ್ಯಾದಸ್ಥರನ್ನೇ ಕರೆದು ಕೂರಿಸಿದರು. ಮೊದಲು ಗಾಜು, ರಟ್ಟು, ಮರ, ಜೇಡಿಮಣ್ಣು ಮುಂತಾದವನ್ನು ಕಟ್ಟುಮಾಡಿ ಕೈ ಕೆಳಗಿಟ್ಟರು. ಆಗಲೂ ಮೇಜು ತಿರುಗಿತು. ಅಂದರೆ ಈ ಸಾಮಾನುಗಳಿಂದ ಆಟಕ್ಕೆ ಅಡ್ಡಿಯಿಲ್ಲ, ಇವನ್ನೇ ಬಳಸಿ ಪರೀಕ್ಷೆ ಮಾಡಬಹುದು ಅಂತಾಯಿತು.

ಆಮೇಲೆ ಕೆಲವು ರಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ ನಡುವೆ ಮೆತ್ತನೆಯ ಮೇಣದ ಉಂಡೆ ಇಟ್ಟರು. ಜೋರಾಗಿ ತಳ್ಳಿದರೆ ರಟ್ಟುಗಳು ನಿಧಾನಕ್ಕೆ ಜಾರುವ ಹಾಗೆ. ಮೇಜು ತಾನಾಗಿ ತಿರುಗಿ ಕೈಯನ್ನು ಎಳೆದುಕೊಂಡು ಹೋಗಿದ್ದರೆ ಕೆಳಗಿನ ರಟ್ಟು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯಬೇಕು. ಕೈ ಮೇಜನ್ನು ತಳ್ಳಿದ್ದರೆ ಮೇಲಿನ ರಟ್ಟು ಮುಂದೆ ಹೋಗಿರಬೇಕು. ಮೇಜು ತಿರುಗಿದ ಮೇಲೆ ನೋಡಿದರೆ ಮೇಲಿನ ರಟ್ಟುಗಳೇ ಹೆಚ್ಚು ಮುಂದೆ ಹೋಗಿದ್ದವು! ತಳ್ಳಿದ್ದು ಕೈ, ಮೇಜಲ್ಲ.

ಕೊನೆಗೆ ಎರಡು ಹಲಗೆಗಳ ನಡುವೆ ಗಾಜಿನ ಕಡ್ಡಿಗಳನ್ನು ಉರುಳುವಂತೆ ಇಟ್ಟು, ರಬ್ಬರಿನಿಂದ ಬಿಗಿದು, ಒಂದು ಉದ್ದನೆಯ ಹುಲ್ಲುಕಡ್ಡಿಯನ್ನು ಮುಳ್ಳಿನಂತೆ ನಿಲ್ಲಿಸಿದರು. ಕೈ ಕೂದಲೆಳೆಯಷ್ಟು ಪಕ್ಕಕ್ಕೆ ಒತ್ತಿದರೂ ಹುಲ್ಲುಕಡ್ಡಿ ವಾಲಿ ತೋರಿಸುತ್ತಿತ್ತು. ಆ ಕಡ್ಡಿ ಕೂತವರಿಗೆ ಕಾಣದಂತೆ ಮರೆಮಾಡಿದಾಗ ಅದು ವಾಲಿತು. ಕೂತವರು ಮಾತ್ರ ತಾವು ನೆಟ್ಟಗೆ ಕೆಳಕ್ಕೇ ಒತ್ತುತ್ತಿದ್ದೇವೆ ಅಂದುಕೊಂಡಿದ್ದರು. ಕಡ್ಡಿ ಕಣ್ಣೆದುರಿಗೆ ಇದ್ದಾಗ ಅವರ ಕೈ ತಾನಾಗೇ ಸರಿಹೋಯಿತು. ಮೇಜು ಅಲುಗಾಡಲೇ ಇಲ್ಲ. ಯಾರೂ ಅವರನ್ನು ಬೈಯಲಿಲ್ಲ, ತಡೆಯಲಿಲ್ಲ. ಬರೀ ಒಂದು ಹುಲ್ಲುಕಡ್ಡಿ ನಿಜ ಹೇಳಿತು.

1853ರ ಜೂನ್ 30ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಫ್ಯಾರಡೆ ಅವರ ಪತ್ರ ಅಚ್ಚಾಯಿತು. ಮನಸ್ಸು ಒಂದು ಕಡೆ ಚಲನೆ ಆಗುತ್ತದೆ ಅಂತ ಕಾಯುತ್ತಿದ್ದರೆ ಸ್ನಾಯುಗಳು ನಮಗೆ ಅರಿವಿಲ್ಲದೆ ಆ ಕಡೆ ತಳ್ಳುತ್ತವೆ ಎಂಬುದು ಅವರ ತೀರ್ಮಾನ. ಬಹಳ ಜನ ಸಿಟ್ಟಾದರು, ನಂಬಲಿಲ್ಲ. ಮರುವರ್ಷ ಒಂದು ಉಪನ್ಯಾಸದಲ್ಲಿ ಅವರು, ನಮಗೆ ಇಷ್ಟವಾದದ್ದನ್ನು ಬೇಗ ನಂಬುವ ದೋಷ ಎಲ್ಲರಲ್ಲೂ ಇದೆ, ಅದನ್ನು ತಿದ್ದುವುದೂ ಶಿಕ್ಷಣವೇ ಎಂಬ ಅರ್ಥದಲ್ಲಿ ಮಾತಾಡಿದರು.

ಫ್ಯಾರಡೆ ಸರ್ ಎಂಬ ಬಿರುದನ್ನು ಬೇಡವೆಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಸಲ ಬಿಟ್ಟುಕೊಟ್ಟರು. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಕೊಡುವುದನ್ನು ಮಾತ್ರ ಬಿಡಲಿಲ್ಲ. ಒಂದು ಮೇಣದಬತ್ತಿ ಹಿಡಿದು ರಸಾಯನಶಾಸ್ತ್ರ ಕಲಿಸಿದರು. ವಯಸ್ಸಾದಂತೆ ಮರೆವು ಕಾಡಿತು. 1867ರ ಆಗಸ್ಟ್ 25ರಂದು ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಇನ್ನೊಂದು ಸೋಜಿಗ ಕೇಳಿ. ಎಲ್ಲ ವಸ್ತುಗಳ ಮೇಲೂ ಅಯಸ್ಕಾಂತದ ಪ್ರಭಾವ ಇದೆ, ಎಷ್ಟೋ ವಸ್ತುಗಳನ್ನು ಅದು ಮೆಲ್ಲಗೆ ದೂರ ತಳ್ಳುತ್ತದೆ ಅಂತ ಫ್ಯಾರಡೆ 1845ರಲ್ಲಿ ತೋರಿಸಿದ್ದರು. 1997ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಬಹಳ ಬಲವಾದ ಅಯಸ್ಕಾಂತದಿಂದ ಜೀವಂತ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿದ್ದು ಇದೇ ಗುಣದಿಂದ. ಇದು ನಿಜವಾದ ತೇಲುವಿಕೆ. ಬೇಕಾದಾಗ ಮತ್ತೆ ಮಾಡಿ ತೋರಿಸಬಹುದು. 1970ರ ದಶಕದಲ್ಲಿ ಮನೋಬಲದಿಂದಲೇ ಚಮಚ ಬಗ್ಗಿಸುತ್ತೇವೆ ಅನ್ನುವವರು ಹೆಸರು ಮಾಡಿದರು. ಜಾದೂಗಾರರು ಚಮಚವನ್ನು ಬರೀ ಕೈಚಳಕದಿಂದ ಹಾಗೇ ಬಗ್ಗಿಸಿ ತೋರಿಸಿದರು.

ಈಗ ನಮ್ಮ ನಾಣ್ಯದ ವಿಷಯ. ಎರಡು ರಟ್ಟು, ನಡುವೆ ಮೂರು ದುಂಡನೆಯ ಪೆನ್ಸಿಲ್, ಎರಡು ರಬ್ಬರ್ ಬ್ಯಾಂಡ್, ಒಂದು ಪೊರಕೆ ಕಡ್ಡಿ ಇದ್ದರೆ ಫ್ಯಾರಡೆ ಮಾಡಿದಂಥ ಸಾಧನ ನಾವೂ ಮಾಡಬಹುದು. ಶನಿವಾರ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಮೇಷ್ಟ್ರ ಜೊತೆ ಮಾಡಿ ನೋಡೋಣ. ಹೆದರಿದ್ದ ನಮ್ಮ ಗೆಳತಿಯೂ ಬರಲಿ. ಅವಳು ಸುಳ್ಳು ಹೇಳಿಲ್ಲ, ಉಳಿದಿಬ್ಬರೂ ಹೇಳಿಲ್ಲ. ಅವರ ಬೆರಳು ಮಾತ್ರ ಅವರಿಗೆ ಹೇಳದೆ ಕೆಲಸ ಮಾಡಿದೆ. ದೆವ್ವ ಅಲ್ಲ ಅಂತ ನಾವು ಬಾಯಲ್ಲಿ ಹೇಳಿದರೆ ಸಾಲದು, ಅವಳೇ ಕಡ್ಡಿ ನೋಡಿ ತಿಳಿದುಕೊಳ್ಳಲಿ.