ನಾಟ್ಯಾಚಾರ್ಯ ವಿಷ್ಣುದಾಸ ಭಾವೆ

ಸಾಂಗ್ಲಿವಾಡಿಯಿಂದ ಕೃಷ್ಣೆಯ ಮೇಲಿನ ಆಯರ್ವಿನ್ ಸೇತುವೆಯನ್ನು ದಾಟಿ ಸಾಂಗ್ಲಿಯ ಪೇಟೆಗೆ ಹೋಗಿಬರುವ ನಮ್ಮವರಿಗೆ ವಿಷ್ಣುದಾಸ ಭಾವೆಯವರ ಹೆಸರು ಹೊಸತಲ್ಲ. ಊರಿನ ನಾಟ್ಯಗೃಹಕ್ಕೆ ಅವರದೇ ಹೆಸರು. ವರ್ಷವರ್ಷವೂ ನವೆಂಬರ್ 5ರಂದು ಮರಾಠಿ ರಂಗಭೂಮಿಯ ದಿನವನ್ನು ಆಚರಿಸಿ, ಹಿರಿಯ ಕಲಾವಿದರೊಬ್ಬರಿಗೆ ಅವರ ಹೆಸರಿನ ಗೌರವಪದಕವನ್ನು ಇಲ್ಲಿ ಅರ್ಪಿಸುವ ಪದ್ಧತಿಯಿದೆ. ಆದರೆ ಆ ಮಹನೀಯರ ಕೀರ್ತಿಯ ತೆರೆಯ ಹಿಂದೆ ಕನ್ನಡ ಮೇಳವೊಂದು ನಿಂತಿದೆಯೆಂಬ ಸಂಗತಿ ನಮ್ಮ ಮನೆಗಳ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ. ತಿಳಿಯತಕ್ಕ ಸಂಗತಿಯದು.

ವಿಷ್ಣು ಅಮೃತ ಭಾವೆಯವರು ಜನಿಸಿದುದು ಸುಮಾರು 1819ರಲ್ಲಿ. ತಂದೆಯವರು ಸಾಂಗ್ಲಿಯ ಪಟವರ್ಧನ ಸಂಸ್ಥಾನದ ಸೇವೆಯಲ್ಲಿದ್ದರು. ಬಾಲಕ ವಿಷ್ಣುವಿಗೆ ಪಾಠಕ್ಕಿಂತ ಕಥೆಗಳಲ್ಲಿ, ಪದ್ಯಗಳನ್ನು ಕಟ್ಟುವುದರಲ್ಲಿ, ಬೊಂಬೆಗಳನ್ನು ಮಾಡುವುದರಲ್ಲಿ ಒಲವು. ಮಣ್ಣು ಮರಗಳಿಂದ ಜೀವಕಳೆಯುಳ್ಳ ಆಕೃತಿಗಳನ್ನು ತೆಗೆಯುವ ಕೈಚಳಕ ಆತನಿಗೆ ಹುಟ್ಟಿನಿಂದಲೇ ಬಂದಿತ್ತು. ಸಾಂಗ್ಲಿಯ ಅಧಿಪತಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಕಲಾಪ್ರಿಯರು. ಈ ತರುಣನ ಗುಣವನ್ನು ಅವರು ಬೇಗನೆ ಕಂಡುಕೊಂಡರು.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗ್ಲಿಗೆ ಬಂದಿತು. ಘಟ್ಟವನ್ನೇರಿ, ಬಯಲುಸೀಮೆಯನ್ನು ದಾಟಿ ಬಂದ ಆ ಯಕ್ಷಗಾನ ಕಲಾವಿದರು ಅಧಿಪತಿಗಳ ಸಮ್ಮುಖದಲ್ಲಿ ಕನ್ನಡದಲ್ಲಿ ಪುರಾಣಕಥೆಗಳನ್ನು ಆಡಿ ತೋರಿಸಿದರು. ಆಟವು ಅಪ್ಪಾಸಾಹೇಬರ ಮನಸ್ಸನ್ನು ಹಿಡಿಯಿತು. ಅದರಲ್ಲಿ ಒರಟುತನವೂ ಅವರಿಗೆ ಕಂಡಿತೆನ್ನುತ್ತಾರೆ. ಅದೇನೇ ಇರಲಿ, ಇಂಥದೊಂದು ಆಟವು ಮರಾಠಿಯಲ್ಲಿ ಏಕಾಗಬಾರದೆಂಬ ಆಸೆ ಅವರಲ್ಲಿ ಮೂಡಿತು. ಆ ಕಾರ್ಯವನ್ನು ಅವರು ಭಾವೆಯವರಿಗೆ ಒಪ್ಪಿಸಿದರು.

ಮರುವರ್ಷ, 1843ರ ನವೆಂಬರ್ 5ರಂದು, ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ವು ರಂಗಕ್ಕೆ ಬಂದಿತು. ಆಧುನಿಕ ಮರಾಠಿ ರಂಗಭೂಮಿಯ ಆರಂಭವನ್ನು ಅಂದಿನಿಂದಲೇ ಎಣಿಸುತ್ತಾರೆ.

ಆ ಕಾಲದ ರಂಗದ ಬಗೆಯನ್ನು ಕೇಳಿದರೆ ಇಂದಿನವರಿಗೆ ಸೋಜಿಗವಾದೀತು. ಪಾತ್ರಧಾರಿಗಳಿಗೆ ಬರೆದುಕೊಟ್ಟ ಮಾತುಗಳೇ ಇರಲಿಲ್ಲ. ಭಾವೆಯವರು ರಚಿಸುತ್ತಿದ್ದುದು ಪದ್ಯಗಳನ್ನು ಮಾತ್ರ. ಸೂತ್ರಧಾರನು ರಂಗದಲ್ಲಿಯೇ ನಿಂತು, ಹಿಮ್ಮೇಳದೊಡನೆ ಪದ್ಯವನ್ನು ಹಾಡಿ ಕಥೆಯನ್ನು ನಡೆಸುವನು. ಪಾತ್ರಧಾರಿಯು ಆ ಪದ್ಯದ ಅರ್ಥವನ್ನು ಹಿಡಿದು, ಸಮಯಸ್ಫೂರ್ತಿಯಿಂದ ಮಾತನ್ನು ಬೆಳೆಸುವನು. ಮೊದಲು ಮಂಗಲಾಚರಣ, ವಿದೂಷಕನ ವಿನೋದ, ಗಣಪತಿಯ ಪ್ರವೇಶ. ಬಳಿಕ ನವಿಲನ್ನೇರಿದ ಸರಸ್ವತಿಯ ನರ್ತನ. ಅನಂತರವೇ ಕಥೆ. ರಾಕ್ಷಸರು ರಂಗಕ್ಕೆ ಬಂದರೆಂದರೆ ಕೂಗು, ಅಬ್ಬರ, ಕತ್ತಿಯ ವರಸೆ. ಸ್ತ್ರೀಪಾತ್ರಗಳೆಲ್ಲ ಹುಡುಗರವು.

ಯಕ್ಷಗಾನವನ್ನು ನೋಡಿ ಬೆಳೆದವರಿಗೆ ಇದಾವುದೂ ಅಪರಿಚಿತವಲ್ಲ. ಹಾಡಿ ಕಥೆಯನ್ನು ನಡೆಸುವ ಸೂತ್ರಧಾರನಲ್ಲಿ ನಮ್ಮ ಭಾಗವತನನ್ನೂ, ವಿದೂಷಕನಲ್ಲಿ ಹಾಸ್ಯಗಾರನನ್ನೂ, ಬಾಯಿಮಾತಿನ ಸಂವಾದದಲ್ಲಿ ಅರ್ಥಗಾರಿಕೆಯನ್ನೂ ಗುರುತಿಸುವುದು ಕಷ್ಟವಲ್ಲ. ಆದರೆ ಭಾವೆಯವರದು ಬರಿಯ ಅನುಕರಣವೆಂದರೆ ಅನ್ಯಾಯವಾದೀತು. ಮರಾಠಿ ಕೀರ್ತನದ ಸಂಸ್ಕಾರವನ್ನೂ ತಮ್ಮ ಪದ್ಯಶಕ್ತಿಯನ್ನೂ ಬೆರೆಸಿ, ಅವರು ಅದಕ್ಕೆ ಬೇರೆಯೇ ಒಂದು ರೂಪವನ್ನು ಕೊಟ್ಟರು. ಬೀಜವು ಕರಾವಳಿಯದು; ನೆಲ, ನೀರು, ಬೇಸಾಯ ಸಾಂಗ್ಲಿಯವು.

1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡರು. ಅವರೊಡನೆ ರಾಜಾಶ್ರಯವೂ ಹೋಯಿತು. ನಂಬಿ ಬಂದ ನಟರು, ವಾದ್ಯಗಾರರು, ಅವರ ಮನೆಮಂದಿ, ಇವರೆಲ್ಲರ ಹೊರೆಯನ್ನು ಹೊತ್ತ ಭಾವೆಯವರ ಮುಂದೆ ಇದ್ದುದು ಎರಡೇ ದಾರಿ: ಮಂಡಳಿಯನ್ನು ಮುಚ್ಚುವುದು, ಇಲ್ಲವೆ ಜನರನ್ನೇ ಆಶ್ರಯಿಸುವುದು. ಅವರು ಎರಡನೆಯದನ್ನು ಆರಿಸಿದರು. ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಿ, 1853ರಲ್ಲಿ ಮುಂಬಯಿಯನ್ನು ಮುಟ್ಟಿದರು. ಅಲ್ಲಿಯ ಗ್ರಾಂಟ್ ರೋಡಿನ ನಾಟಕಶಾಲೆಯಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರ ಮುಂದೆ ಅವರ ಆಟಗಳು ನಡೆದವು. ಮುಂಬಯಿಯಲ್ಲಿ ‘ರಾಜಾ ಗೋಪೀಚಂದ’ದ ಕಥೆಯನ್ನು ಹಿಂದಿಯಲ್ಲಿಯೂ ಆಡಿದರು. ಅರಮನೆಯ ಅಂಗಳದಲ್ಲಿ ಹುಟ್ಟಿದ ಕಲೆಯು ಹೀಗೆ ಹತ್ತೇ ವರ್ಷಗಳಲ್ಲಿ ಜನರ ಸೊತ್ತಾಯಿತು.

1860ರ ಬಳಿಕ ಭಾವೆಯವರು ತಿರುಗಾಟದಿಂದ ಹಿಂದೆಗೆದರು. ಆ ವೇಳೆಗಾಗಲೇ ಅವರ ಮಾದರಿಯನ್ನು ಹಿಡಿದು ಸಾಂಗ್ಲಿಕರ, ಇಚಲಕರಂಜೀಕರ, ಅಳತೇಕರ ಮೊದಲಾದ ಮಂಡಳಿಗಳು ಎದ್ದಿದ್ದವು. ರಂಗಕ್ಕಾಗಿ ರಚಿಸಿದ ಪದ್ಯಗಳನ್ನು ಅವರು 1885ರಲ್ಲಿ ‘ನಾಟ್ಯಕವಿತಾಸಂಗ್ರಹ’ವೆಂದು ಅಚ್ಚುಮಾಡಿಸಿದರು, ಅವರ ಕೃತಿ ನಮಗೆ ಉಳಿದಿರುವುದು ಅದರಿಂದಲೇ. ನಟರ ಬಾಯಿಂದ ಹೊಮ್ಮಿದ ಮಾತುಗಳಾದರೋ ಆಯಾ ರಾತ್ರಿಗಳೊಡನೆಯೇ ಅಳಿದುಹೋದವು. ಅವರು ಮಾಡಿದ ಮರದ ಸೂತ್ರದ ಬೊಂಬೆಗಳ ಭಾಗ್ಯ ಬೇರೆ. ಅವು ಬಹುಕಾಲದ ಮೇಲೆ ಮುಂಬಯಿಯ ಬೊಂಬೆಯಾಟಗಾರ ರಾಮದಾಸ ಪಾಧ್ಯೆಯವರ ಕೈಸೇರಿ, ಜೀರ್ಣೋದ್ಧಾರಗೊಂಡು, ಮತ್ತೆ ‘ಸೀತಾಸ್ವಯಂವರ’ವನ್ನಾಡಿದವು. ಭಾವೆಯವರು 1901ರಲ್ಲಿ ಕಾಲವಶರಾದರು.

ಕನ್ನಡದಿಂದ ಹೊರಟ ಪ್ರೇರಣೆಯು ಮತ್ತೊಂದು ವೇಷದಲ್ಲಿ ಕನ್ನಡಕ್ಕೇ ಮರಳಿದುದು ಈ ಚರಿತ್ರೆಯ ಸ್ವಾರಸ್ಯ. ಮರಾಠಿ ಮಂಡಳಿಗಳು ಧಾರವಾಡ, ಗದಗುಗಳತ್ತ ಬಂದು ಜನರನ್ನು ಮರುಳುಮಾಡಿದಾಗ, ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕನ್ನಡಿಗರಿಗೂ ಸ್ವಂತ ನಾಟಕ ಬೇಕೆಂದು ಹಟ ತೊಟ್ಟು, ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅತ್ತ 1880ರಲ್ಲಿ ‘ಶಾಕುಂತಲ’ದಿಂದ ಮರಾಠಿ ಸಂಗೀತ ನಾಟಕಕ್ಕೆ ಹೊಸ ಯುಗವನ್ನು ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಅವರು ಹುಟ್ಟಿದುದು ಭಾವೆಯವರ ಮೊದಲ ಆಟದ 1843ರಲ್ಲಿಯೇ.

ಹೀಗೆ ಕೊಟ್ಟವರಾರು, ಕೊಂಡವರಾರು ಎಂದು ಲೆಕ್ಕ ಹಾಕಹೊರಟರೆ ಗಡಿಯ ಎರಡು ಕಡೆಗೂ ಸಾಲವೇ ಉಳಿಯುತ್ತದೆ. ಗಡಿನಾಡಿನಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬಾಳುವ ನಮಗೆ ಇದು ಅಭಿಮಾನದ ಮಾತೂ ಹೌದು, ವಿನಯದ ಮಾತೂ ಹೌದು. ಬರುವ ನವೆಂಬರ್ 5ರಂದು ಭಾವೆಯವರನ್ನು ನೆನೆಯುವಾಗ, ಊರಿನ ಹೆಸರೊಂದನ್ನೇ ಉಳಿಸಿಹೋದ ಕರ್ಕಿಯ ಆ ಕಲಾವಿದರನ್ನೂ ನಮ್ಮ ಮಕ್ಕಳು ನೆನೆಯಲಿ.